ಅರಬೈಲಿನಲ್ಲಿ ಉಸ್ತಾದರ ನಿದ್ದೆ

ನನಗೆ ಲಾರಿ ಚಾಲಕನ ಕೆಲಸ ಸಿಕ್ಕಿದ್ದು ಇನ್ನೊಬ್ಬರು ನಿದ್ದೆ ಮಾಡಿದ್ದರಿಂದ. ಹೀಗೆಂದರೆ ಕೇಳಿದವರು ನಗುತ್ತಾರೆ. ಆದರೆ ಶಿರಸಿಯಲ್ಲಿ ನಾನು ಕೆಲಸ ಕೇಳಿಕೊಂಡು ಹೋದ ಲಾರಿ ಮಾಲೀಕರ ಹತ್ತಿರ ಹೊಸಬನನ್ನು ಪರೀಕ್ಷಿಸಲು ಇದ್ದದ್ದು ಅದೊಂದೇ ದಾರಿ. ಲೈಸೆನ್ಸನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಡುತ್ತಿದ್ದರು. ಆಮೇಲೆ ಹೊಸಬನನ್ನು ಹಳೆಯ ಚಾಲಕರೊಬ್ಬರ ಜೊತೆ ಕಳಿಸುತ್ತಿದ್ದರು. ತುಂಬಿದ ಲಾರಿಯನ್ನು ಹೊಸಬ ಘಟ್ಟ ಇಳಿಸುವಾಗ ಪಕ್ಕದ ಹಳಬರಿಗೆ ನಿದ್ದೆ ಹತ್ತಿದರೆ ಕೆಲಸ ಖಾಯಂ. ಹತ್ತದಿದ್ದರೆ ಮನೆಗೆ.

ಇದು ನಡೆದು ಬಹಳ ಕಾಲವೇನೂ ಆಗಿಲ್ಲ. ಆದರೂ ಬರೆಯಲು ಕೂತರೆ ಅನುಮಾನ ಶುರುವಾಗುತ್ತದೆ. ಬಾಯಿಮಾತಿನ ಆಕರಗಳನ್ನು ನಂಬಿ ಇತಿಹಾಸ ಬರೆಯಬೇಡಿ ಎಂದು ಆರು ವರ್ಷ ಪಾಠ ಮಾಡಿದವನು ನಾನು. ಈಗ ನನ್ನ ಹತ್ತಿರ ಇರುವುದು ನನ್ನ ನೆನಪು, ಅಕ್ಕನ ನೆನಪು, ಅರ್ಧಕ್ಕೆ ನಿಂತ ಒಂದು ನೋಟ್ ಪುಸ್ತಕ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನು ಸಿದ್ದಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅತಿಥಿ ಎಂದರೆ ಪರೀಕ್ಷೆ ಮುಗಿದ ಕೂಡಲೇ ಎದ್ದು ಹೋಗಬೇಕಾದವನು, ಮತ್ತೆ ಕರೆದರೆ ಬರಬೇಕಾದವನು. ಶಿರಸಿಯಲ್ಲಿ ಅಕ್ಕನ ಮನೆ. ದಿನಾ ಬೆಳಿಗ್ಗೆ ಬಸ್ಸು. ನನಗೆ ಒಂದೆಡೆ ಕೂತಿರಲು ಬರುವುದಿಲ್ಲ. ಸೀಟು ಖಾಲಿ ಇದ್ದರೂ ಮುಂದೆ ಹೋಗಿ ಚಾಲಕನ ಬೆನ್ನ ಹಿಂದೆ ನಿಂತು ಅವನ ಕೈಕಾಲು ನೋಡುತ್ತಿದ್ದೆ. ಒಂದು ದಿನ ಕಾನಸೂರಿನ ಆಚೆ, ಒಂದು ಪಕ್ಕ ಅಗೆದು ಹಾಕಿದ್ದ ರಸ್ತೆಯಲ್ಲಿ, ಎದುರಿಗೆ ತುಂಬಿದ ಲಾರಿ ಬಂತು. ಬಸ್ಸಿನ ಹಿಂದೆ ವಾಹನಗಳ ಸಾಲು, ನಮಗೆ ಹಿಂದೆ ಸರಿಯಲು ಜಾಗವಿಲ್ಲ. ಲಾರಿಯವನು ಬರೀ ಕನ್ನಡಿ ನೋಡಿಕೊಂಡು ಎರಡು ತಿರುವು ಹಿಂದಕ್ಕೆ ಹೋಗಿ, ಚರಂಡಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿ, ನಮ್ಮನ್ನು ದಾಟಿಸಿದ. ಅವನು ಯಾರ ಮುಖವನ್ನೂ ನೋಡಲಿಲ್ಲ. ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಚಕ್ರಕ್ಕೂ ಚರಂಡಿಗೂ ನಡುವಿನ ಜಾಗ ನೆನಪಿದೆ. ಒಂದು ಗೇಣೋ ಎರಡೋ, ಪ್ರಮಾಣ ಮಾಡಲಾರೆ.

ಮುಂದಿನ ಬೇಸಿಗೆಯಲ್ಲಿ ಕಾಲೇಜು ಎಂದಿನಂತೆ ನನ್ನನ್ನು ಬಿಟ್ಟಾಗ ತರಬೇತಿ ಶಾಲೆಗೆ ಸೇರಿದೆ. ಕಾರಿನ ಲೈಸೆನ್ಸು ಮೊದಲೇ ಇತ್ತು. ಹಳೆಯ ಲಾರಿಯೊಂದರಲ್ಲಿ ಎಂಟಿನ ಆಕಾರ ಸುತ್ತಿದೆ, ಹಿಂದಕ್ಕೆ ಹೋದೆ, ಏರಿನಲ್ಲಿ ನಿಲ್ಲಿಸಿ ಜಾರದಂತೆ ಹೊರಡಿಸಿದೆ. ಹೆವಿ ಲೈಸೆನ್ಸು ಕೈಗೆ ಬಂದ ಮೇಲೆಯೇ ಅಕ್ಕನಿಗೆ ಹೇಳಿದ್ದು.

"ಎಂ.ಎ. ಮಾಡಿದವ ಲಾರಿ ಹೊಡೀತ ಹೇಳಿ ಯಾರ ಹತ್ರಾದ್ರೂ ಹೇಳಲೆ ಆಗ್ತನಾ?" ಎಂದಳು.

"ಹೇಳಡ. ಕೇಳಿದ್ರೆ ಪ್ರವಾಸ ಹೋಯ್ದ ಹೇಳು."

"ದಿನಾ ಪ್ರವಾಸವನಾ?"

ಭಾವ ಪೇಪರಿನ ಹಿಂದೆ ನಕ್ಕಿದ್ದು ಕೇಳಿಸಿತು. ಅಕ್ಕ ನಗಲಿಲ್ಲ.

ಲಾರಿ ಮಾಲೀಕರು ಶಿರಸಿಯ ಹಳೆಯ ಮುಸ್ಲಿಂ ಮನೆತನದವರು. ಅಜ್ಜನ ಕಾಲದಿಂದ ಸಾಗಾಣಿಕೆಯೇ ಕಸುಬು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಮಾರ್ಕೆಟ್ ಯಾರ್ಡಿನ ಹತ್ತಿರದ ಅವರ ಆಫೀಸಿನಲ್ಲಿ ಎರಡು ಕುರ್ಚಿ, ಒಂದು ಬೆಂಚು. ನನಗೆ ಕುರ್ಚಿ ತೋರಿಸಿದರು. ನಾನು ಬೆಂಚಿನ ಮೇಲೆ ಕೂತೆ.

"ಕಾಲೇಜು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ ಮಾರಾಯ್ರೇ?"

"ಕೆಲಸ ಸರಿಯಾಯ್ತೋ ಇಲ್ವೋ ಅಂತ ಸಂಜೆ ಒಳಗೆ ಗೊತ್ತಾಗುವ ಕೆಲಸ ಬೇಕಿತ್ತು."

"ಹಾಗಾದ್ರೆ ಸಂಜೆ ತನಕ ಕಾಯೋದೂ ಬೇಡ. ನಮ್ಮಲ್ಲಿ ಮುಂದಿನ ತಿರುವಿಗೇ ಗೊತ್ತಾಗ್ತದೆ."

ಅವರ ಹತ್ತಿರ ಒಂದು ಲಾರಿ ಸದ್ಯದಲ್ಲೇ ಚಾಲಕನಿಲ್ಲದೆ ನಿಲ್ಲುವುದರಲ್ಲಿತ್ತು. ಅದನ್ನು ಓಡಿಸುತ್ತಿದ್ದ ಹಿರಿಯರಿಗೆ ಕ್ಲಚ್ ತುಳಿದು ತುಳಿದು ಮೊಣಕಾಲು ಹೋಗಿತ್ತು. ದೀಪಾವಳಿಯ ಹೊತ್ತಿಗೆ ಅವರು ಇಳಿಯುವವರು. ಅಷ್ಟರೊಳಗೆ ನಾನು ಕಲಿತರೆ ಲಾರಿ ನನ್ನ ಕೈಗೆ, ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಬೇರೆ ಚಾಲಕ. ಕಲಿಸುವವರೂ ಅವರೇ, ಹೂಂ ಅನ್ನಬೇಕಾದವರೂ ಅವರೇ. ಲಾರಿಯವರಲ್ಲಿ ಕಲಿಸುವ ಹಿರಿಯನಿಗೆ ಉಸ್ತಾದ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರು ಮೊದಲ ದಿನವೇ ನನ್ನನ್ನು ಮಾಸ್ತರ್ ಮಾಡಿದರು.

ಉಸ್ತಾದರು ಹುಟ್ಟಿದ್ದು ಮುಂಡಗೋಡದ ಕಡೆ, ಮನೆ ಯಲ್ಲಾಪುರದಲ್ಲಿ. ಕುಮಟಾ ರಸ್ತೆ ಅಗೆದು ಬಂದ್ ಆಗಿದ್ದರಿಂದ ಕರಾವಳಿಗೆ ಹೋಗುವ ಸರಕೆಲ್ಲ ಆಗ ಯಲ್ಲಾಪುರದ ಮೇಲಿಂದಲೇ. ಶಿರಸಿಯಲ್ಲಿ ತುಂಬಿಕೊಂಡು, ಮಂಚಿಕೇರಿಯಲ್ಲಿ ಇದ್ದರೆ ಇನ್ನಷ್ಟು ಹತ್ತಿಸಿಕೊಂಡು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ. ಕ್ಲೀನರ್ ಇರಲಿಲ್ಲ. ಹಗ್ಗ ಬಿಗಿಯುವುದು, ತಾಡಪಾಲು ಎಳೆಯುವುದು, ಕಬ್ಬಿಣದ ಸಲಾಕೆಯಿಂದ ಟಯರು ಬಡಿದು ಸದ್ದು ಕೇಳುವುದು, ಎಲ್ಲ ನನ್ನದೇ. ಗಾಳಿ ಕಡಿಮೆಯಾದ ಟಯರು ಹೇಗೆ ಮಂಕಾಗಿ ಉತ್ತರಿಸುತ್ತದೆಂದು ಒಂದು ವಾರದಲ್ಲಿ ಕಿವಿಗೆ ಹತ್ತಿತು. ವಿಶ್ವವಿದ್ಯಾಲಯದಲ್ಲಿ ಏನನ್ನೂ ನಾನು ಇಷ್ಟು ಬೇಗ ಕಲಿತಿರಲಿಲ್ಲ.

ಮೊದಲೆರಡು ತಿಂಗಳು ನಮ್ಮ ಲಾರಿಗೆ ಸಿಕ್ಕಿದ್ದು ಬಹುತೇಕ ಹಾಳೆತಟ್ಟೆಯ ಬಾಡಿಗೆ. ಅಡಿಕೆ ಹಾಳೆಯಿಂದ ಒತ್ತಿ ತೆಗೆದ ತಟ್ಟೆ ಬಟ್ಟಲುಗಳ ಪೆಟ್ಟಿಗೆಗಳು. ಕ್ಯಾಬಿನ್ನಿಗಿಂತ ಎತ್ತರ ಪೇರಿಸಿ ತಾಡಪಾಲು ಬಿಗಿದರೆ ಲಾರಿ ಮನೆಯಷ್ಟಾಗುತ್ತಿತ್ತು. ಅದನ್ನು ಘಟ್ಟ ಇಳಿಸಿದಾಗಲೆಲ್ಲ ಎದೆ ಉಬ್ಬುತ್ತಿತ್ತು. ಉಸ್ತಾದರು ಮಾತ್ರ ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತು, ಒಂದು ಕೈಯಲ್ಲಿ ಸರಳು ಹಿಡಿದು, ಪ್ರತಿ ತಿರುವಿಗೂ ಅಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದರು.

ನೆನಪಿನ ಮೇಲೆ ನಂಬಿಕೆ ಇಲ್ಲದವನಾದ್ದರಿಂದ ನಾನೊಂದು ನೋಟ್ ಪುಸ್ತಕ ಇಟ್ಟಿದ್ದೆ. ಮಂಚಿಕೇರಿ ದಾಟಿದ ಮೇಲೆ ಎಡ ತಿರುವು, ಮೂರನೇ ಗೇರು. ವಜ್ರಳ್ಳಿ ಕಡೆಗೆ ರಸ್ತೆ ಒಡೆಯುವಲ್ಲಿ ನಿಧಾನ. ಘಟ್ಟದ ತಲೆಯಲ್ಲಿ ನಾಲ್ಕು. ಚಹಾಕ್ಕೆ ನಿಂತಾಗಲೆಲ್ಲ ಬರೆಯುತ್ತಿದ್ದೆ.

"ಏನ್ರಿ ಮಾಸ್ತರ್ರ, ಪರೀಕ್ಷಾಕ್ಕ ಕಾಪಿ ಚೀಟಿ ಮಾಡಾಕತ್ತೀರೇನು?"

"ಮರೆತುಹೋಗ್ತದೆ ಉಸ್ತಾದ್."

"ನೀವು ಮರೀರಿ, ಅಡ್ಡಿ ಇಲ್ಲ. ಕೈ ಮರೀಬಾರ್ದು."

ಮಳೆ ಹಿಂದೆಗೆದ ಮೇಲೆ ಒಂದು ದಿನ ಚಾಲಿ ಅಡಿಕೆಯ ಬಾಡಿಗೆ ಬಂತು. ಒಣಗಿಸಿ ಸುಲಿದ ಅಡಿಕೆ, ಬಿಗಿದು ತುಂಬಿದ ಗೋಣಿಚೀಲಗಳು. ಎಲ್ಲ ಹತ್ತಿಸಿದ ಮೇಲೂ ಹೊರೆ ಲಾರಿಯ ಪಕ್ಕದ ಹಲಗೆಗಳ ಅರ್ಧಕ್ಕೆ ಬಂದಿತ್ತು, ಅಷ್ಟೆ. ಎರಡು ತಿಂಗಳು ಮನೆಯಷ್ಟೆತ್ತರದ ಹೊರೆ ಒಯ್ದವನ ಕಣ್ಣಿಗೆ ಇದು ಅರೆಖಾಲಿ ಲಾರಿ. ಉಸ್ತಾದರು ಏನೂ ಹೇಳಲಿಲ್ಲ. ಊರು ಬಿಡುವ ಏರಿನಲ್ಲಿ ಎಂಜಿನ್ನು ಮುಕ್ಕಿರಿಯಿತು. ಬೆಳಗಿನ ತಂಪಿಗೆ ಎಂದುಕೊಂಡೆ. ಯಲ್ಲಾಪುರ ದಾಟಿತು. ಘಟ್ಟದ ತಲೆಯಲ್ಲಿ ಪುಸ್ತಕದಲ್ಲಿದ್ದಂತೆ ನಾಲ್ಕನೇ ಗೇರು ಹಾಕಿದೆ.

ಎರಡನೇ ತಿರುವಿಗೆ ಹಿಂದಿನಿಂದ ಯಾರೋ ನೂಕಿದಂತಾಯಿತು. ಬ್ರೇಕು ಒತ್ತಿದೆ. ಬಿಟ್ಟರೆ ಮತ್ತೆ ನೂಕು. ಮತ್ತೆ ಒತ್ತಿದೆ. ಗೇರು ಇಳಿಸಲು ಹೋದರೆ ಹೊಗಲಿಲ್ಲ. ಇನ್ನೆರಡು ತಿರುವಿನಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಕ್ಯಾಬಿನ್ನಿಗೆ ಬಂತು. ಬ್ರೇಕು ಮೊದಲಿನಂತೆ ಕಚ್ಚುತ್ತಿರಲಿಲ್ಲ.

"ಬಾಜೂಕ ಹಾಕ್ರಿ. ಅಗಲ ಐತಲ್ಲ, ಅಲ್ಲಿ," ಎಂದರು ಉಸ್ತಾದರು, ಚಹಾಕ್ಕೆ ನಿಲ್ಲಿಸಲು ಹೇಳುವ ದನಿಯಲ್ಲಿ.

ಇಡೀ ಮೈಯನ್ನು ಬ್ರೇಕಿನ ಮೇಲೆ ಹಾಕಿ ನಿಲ್ಲಿಸಿದೆ. ಆ ಮೊಣಕಾಲಿಟ್ಟುಕೊಂಡು ಅವರು ಹೇಗೆ ಹಾರಿ ಇಳಿದರೋ, ನಾನು ಬಾಗಿಲು ತೆಗೆಯುವಷ್ಟರಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಹಿಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ನಾನು ನೀರಿನ ಕ್ಯಾನು ಹಿಡಿದು ಓಡಿದೆ.

"ನೀರು ಹಾಕಬ್ಯಾಡ್ರಿ! ಕಾದ ಲಾಟೀನು ಗಾಜಿಗೆ ನೀರು ಹನಿಸಿದ್ರ ಏನಾಗ್ತದ? ಬ್ರೇಕಿನ ಡ್ರಮ್ಮು ಸೀಳಿ ಹೋಗ್ತದ. ಕೂಡ್ರಿ ಸುಮ್ನ."

ಕಲ್ಲಿನ ಮೇಲೆ ಕೂತೆ.

"ಯಾವ ಗೇರು ಇತ್ತು?"

"ನಾಲ್ಕು."

"ಯಾರು ಹೇಳಿದ್ರು?"

ಜೇಬಿನಿಂದ ಪುಸ್ತಕ ತೆಗೆದುಕೊಟ್ಟೆ. ಅವರು ಹಾಳೆ ತಿರುವಿ ನಿಧಾನವಾಗಿ ನೋಡಿದರು. "ಅಕ್ಷರ ಛಲೋ ಅದಾವು. ಆದ್ರ ಇದು ತಟ್ಟಿ ಲಾರಿ ಪುಸ್ತಕ ಆತು. ಅಡಿಕಿ ಲಾರಿ ಇದನ್ನ ಓದಿಲ್ಲ." ಪುಸ್ತಕ ನನ್ನ ಕೈಗಿಟ್ಟು ಸೇರಿಸಿದರು: "ಎತ್ತರ ನೋಡಿ ಭಾರ ಅಳೀತೀರಲ್ರಿ, ಮದುವಿ ಮನ್ಯಾಗ ತಲಿ ಮ್ಯಾಲಿನ ಪಟಗಾ ನೋಡಿ ಮನಶ್ಯಾನ್ನ ಅಳದಂಗ."

ಬ್ರೇಕು ಆರಲು ಒಂದು ಗಂಟೆಯ ಮೇಲೇ ಹಿಡಿಯಿತು. ಉಳಿದ ಘಟ್ಟವನ್ನು ಅವರೇ ಇಳಿಸಿದರು. ಶಿರಸಿಗೆ ಬಂದಾಗ ಸಾಹೇಬರು ಕೇಳಿದ್ದು ಒಂದೇ ಮಾತು: "ನಿದ್ದೆ?"

"ಎಲ್ಲೀ ನಿದ್ದಿ ಸಾಹೇಬ್ರ. ಕಣ್ಣು ಮುಚ್ಚಿದ್ರ ಮತ್ತ ತಗೀತೀನೋ ಇಲ್ಲೋ ಅನಸ್ತು."

ಸಾಹೇಬರು ನಕ್ಕರು. ಉಸ್ತಾದರೂ ನಕ್ಕರು. ನಾನು ತಾಡಪಾಲು ಮಡಚಿದೆ.

ಅದೇ ಹೊತ್ತಿಗೆ ಕಾಲೇಜಿನಿಂದ ಫೋನು. ಅತಿಥಿಗಳ ಪಟ್ಟಿ ಬಂದಿದೆ, ಎರಡು ವಾರ ಬಿಟ್ಟು ಸೋಮವಾರ ಹಾಜರಾಗಬೇಕು. ಅಕ್ಕ ಅವತ್ತು ಪಾಯಸ ಮಾಡಿದಳು. ನಾನು ಹೋಗುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಸಾಹೇಬರ ಹತ್ತಿರ ಹೋಗಿ ನಿಜ ಹೇಳಿದೆ. ಅವರು, "ಹಾಗಾದ್ರೆ ಅದರ ಹಿಂದಿನ ಶನಿವಾರದ ಬಾಡಿಗೆ ನೀವೇ ಇಳಿಸಿ. ಉಸ್ತಾದ್ ಮಲಗಿದ್ರೆ ಲಾರಿ ನಿಮ್ಮದು. ಇಲ್ಲದಿದ್ರೆ ಕಾಲೇಜಿಗೆ ಹೋಗಿ, ಅದೂ ಒಳ್ಳೇ ಕೆಲಸವೇ," ಎಂದರು.

ಆ ಎರಡು ವಾರ ಉಸ್ತಾದರು ನನ್ನಿಂದ ಲಾರಿ ಓಡಿಸಿದ್ದಕ್ಕಿಂತ ಲಾರಿಯ ಹಿಂದೆ ನಿಲ್ಲಿಸಿದ್ದೇ ಹೆಚ್ಚು. ಚಕ್ರದ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ, ಪಾಟಾ ಎನ್ನುತ್ತಾರೆ. ಭಾರ ಬಿದ್ದಷ್ಟೂ ಅವು ಚಪ್ಪಟೆಯಾಗುತ್ತವೆ. ಚೀಲ ಹತ್ತಿಸುವಾಗ ನಾನು ಹೊರೆಯ ಕಡೆ ನೋಡಕೂಡದು, ಪಾಟಾ ನೋಡಬೇಕು, ಟಯರಿನ ಹೊಟ್ಟೆ ಎಷ್ಟು ಉಬ್ಬಿತೆಂದು ನೋಡಬೇಕು. "ಮೊದಲು ಹೇಳ್ರಿ, ಆಮ್ಯಾಲ ತೂಕದ ಚೀಟಿ ನೋಡ್ರಿ" ಎನ್ನುವರು. ಮೊದಮೊದಲು ನನ್ನ ಅಂದಾಜಿಗೆ ಹಮಾಲರು ನಗುತ್ತಿದ್ದರು. ಹತ್ತು ದಿನದಲ್ಲಿ ನಗು ನಿಂತಿತು. ಕೊನೆಕೊನೆಗೆ ಅವರೇ ಕೂಗಿ ಕೇಳುತ್ತಿದ್ದರು, "ಮಾಸ್ತರ್ರೇ, ಎಷ್ಟಾಯ್ತು?"

ಇನ್ನೊಂದು ಪಾಠ ಚಿಕ್ಕದು. ಊರು ಬಿಡುವ ಏರಿನಲ್ಲೇ ಲಾರಿ ತನ್ನ ಭಾರ ಹೇಳುತ್ತದೆ, ಕಿವಿ ಕೊಡಬೇಕು. ಯಾವ ಗೇರಿನಲ್ಲಿ ಆ ಘಟ್ಟವನ್ನು ಅದೇ ಹೊರೆ ಹೊತ್ತು ಏರಬಹುದೋ ಅದೇ ಗೇರಿನಲ್ಲಿ ಇಳಿಯಬೇಕು. ಹೊಟ್ಟೆಪಾಡಿನ ಕಸುಬೊಂದರ ಅರ್ಧ ಜ್ಞಾನ ಒಂದೇ ವಾಕ್ಯದಲ್ಲಿತ್ತು. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಶನಿವಾರ ಬಂತು. ನೋಟ್ ಪುಸ್ತಕವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೊರಟೆ ಎಂಬುದು ನನ್ನ ನೆನಪು. ಬಹಳ ಜನರಿಗೆ ಹಾಗೇ ಹೇಳಿದ್ದೇನೆ ಕೂಡ. ಅಕ್ಕ ಒಪ್ಪುವುದಿಲ್ಲ. "ಎಂತ ಬಿಟ್ಟಿಕ್ಕಿ ಹೋದ್ಯೋ! ಅರ್ಧ ಗಂಟೆ ಮನೆಯೆಲ್ಲ ಹುಡ್ಕಿ, ಸಿಕ್ಕದೇ ಎನ್ನ ಮೇಲೆ ಸಿಟ್ಟು ಮಾಡ್ಕಂಡು ಹೋದೆ. ನಂಗೆ ಚಲೋ ನೆನಪಿದ್ದು," ಎನ್ನುತ್ತಾಳೆ. ಅವಳು ಸುಳ್ಳು ಹೇಳುವವಳಲ್ಲ. ನಾನೂ ಅಲ್ಲ. ಪುಸ್ತಕ ಆಮೇಲೆ ಹಾಸಿಗೆಯ ಅಡಿಯಲ್ಲಿ ಸಿಕ್ಕಿತು, ಅದು ಎರಡೂ ಕತೆಗೆ ಹೊಂದುತ್ತದೆ.

ಶಿರಸಿಯಲ್ಲಿ ಅಡಿಕೆ ಚೀಲ, ಮಂಚಿಕೇರಿಯಲ್ಲಿ ಇನ್ನಷ್ಟು. ಪಾಟಾ ನೋಡಿದೆ. ಮೂರನೇ ಗೇರಿನ ಹೊರೆ ಎಂದುಕೊಂಡೆ. ಮಂಚಿಕೇರಿಯಿಂದ ಮುಂದಿನ ಏರಿನಲ್ಲಿ ಎಂಜಿನ್ನೂ ಅದನ್ನೇ ಹೇಳಿತು. ಮಧ್ಯಾಹ್ನ ಯಲ್ಲಾಪುರದಲ್ಲಿ ಉಸ್ತಾದರ ಮನೆಯಲ್ಲೇ ಊಟ. ನನಗೆ ಅನ್ನ, ಸಾರು, ಮಜ್ಜಿಗೆ. ಅವರ ತಟ್ಟೆಯಲ್ಲಿ ಮಸಾಲೆ ಘಮಘಮಿಸುತ್ತಿತ್ತು. ಅವರ ಹೆಂಡತಿ ಎರಡು ಸಲ ಬಡಿಸಿದರು. "ಬ್ಯಾಡ ಅಂದ್ರ ಕೇಳಂಗಿಲ್ಲ ಈಕಿ," ಎಂದು ಮೂರನೇ ಸಲ ಅವರೇ ತಟ್ಟೆ ಮುಂದೆ ಸರಿಸಿದರು.

ಊರು ಬಿಟ್ಟು ಸ್ವಲ್ಪ ದೂರಕ್ಕೆ, "ಮೊಣಕಾಲು ಕಿತ್ತು ಬರಾಕತ್ತೈತಿ," ಎಂದು ಸೀಟಿನ ಹಿಂದಿನ ಮಲಗುವ ಹಲಗೆ ಹತ್ತಿ ಕಾಲು ಚಾಚಿದರು. ಇಷ್ಟು ದಿನಗಳಲ್ಲಿ ಅವರು ಅಲ್ಲಿ ಹತ್ತಿದ್ದು ಅದೇ ಮೊದಲು. ನಾನು ತಿರುಗಿ ನೋಡಲಿಲ್ಲ. ನೋಡಬೇಕೆಂಬ ಆಸೆಯನ್ನು ತಡೆಯುವುದು ಘಟ್ಟಕ್ಕಿಂತ ಕಷ್ಟವಾಯಿತು.

ಘಟ್ಟದ ತಲೆಗೆ ಮೊದಲೇ ಮೂರಕ್ಕೆ ಇಳಿಸಿದೆ. ಲಾರಿ ಗುರುಗುಟ್ಟುತ್ತ, ತನ್ನ ಭಾರವನ್ನು ತಾನೇ ಹಿಡಿದುಕೊಂಡು ಇಳಿಯತೊಡಗಿತು. ಒಂದು, ಎರಡು, ಮೂರು ತಿರುವು. ನೂಕಿಲ್ಲ. ಬಲಗಾಲು ಬ್ರೇಕಿನ ಮೇಲೆ ಬಂದು ಮುಟ್ಟಿ ವಾಪಸು ಹೋಗುತ್ತಿತ್ತು. ಹಿಂದೆ ಒಂದು ಕಾರು ಹಾರ್ನು ಬಾರಿಸಿ ಬಾರಿಸಿ ಸುಸ್ತಾಯಿತು. ನಾನು ಬಾರಿಸಲು ಬಿಟ್ಟೆ, ವೇಗ ಹೆಚ್ಚಿಸಲಿಲ್ಲ. ಅರ್ಧ ಘಟ್ಟದಲ್ಲಿ, ಕುರುಡು ತಿರುವಿನಲ್ಲಿ, ಏರಿ ಬರುತ್ತಿದ್ದ ಟ್ಯಾಂಕರನ್ನು ಹಿಂದೆ ಹಾಕುತ್ತ ಒಂದು ಬಸ್ಸು ನನ್ನ ಪಾಲಿನ ರಸ್ತೆಗೇ ನುಗ್ಗಿತು. ಒಂದು ಸಲ ಗಟ್ಟಿಯಾಗಿ ಒತ್ತಿ ಎಡಕ್ಕೆ ಸರಿದೆ. ಲಾರಿ ನಾನು ಹೇಳಿದ ಜಾಗದಲ್ಲಿ ಹೇಳಿದಷ್ಟೇ ನಿಧಾನವಾಯಿತು. ಬಸ್ಸು ಟ್ಯಾಂಕರಿನ ಮುಂದೆ ನುಸುಳಿಕೊಂಡಿತು. ಎರಡನೇ ಸಲ ಒತ್ತಬೇಕಾಗಲಿಲ್ಲ. ಹಿಂದಿನ ಹಲಗೆಯಿಂದ ಒಂದು ಮಾತೂ ಬರಲಿಲ್ಲ.

ಗೊರಕೆ ಕೇಳಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಗೊರಕೆ ಕೇಳಿಸುವುದಿಲ್ಲ.

ಕೆಳಗೆ ರಸ್ತೆ ಮಟ್ಟಸವಾದ ಮೇಲೆ ಅಗಲ ನೋಡಿ ನಿಲ್ಲಿಸಿದೆ. ಇಳಿದು ಹಿಂದಿನ ಚಕ್ರದ ಹತ್ತಿರ ಅಂಗೈ ಹಿಡಿದೆ. ಬಿಸಿ ಇತ್ತು, ಹೊಗೆಯಿಲ್ಲ, ವಾಸನೆಯಿಲ್ಲ. ಯಾವ ಪದವಿಯ ಫಲಿತಾಂಶಕ್ಕೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಆ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸುಮ್ಮನೆ ನಕ್ಕೆ. ಇದನ್ನು ಯಾರೂ ನೋಡಿಲ್ಲ, ಆದ್ದರಿಂದ ಇದರ ಬಗ್ಗೆ ಭಿನ್ನಾಭಿಪ್ರಾಯವೂ ಇಲ್ಲ.

ಲಾರಿ ನಿಂತದ್ದಕ್ಕೆ ಉಸ್ತಾದರಿಗೆ ಎಚ್ಚರವಾಯಿತು. ಕಿಟಕಿಯಿಂದ ತಲೆ ಹಾಕಿದರು. "ಯಾಕ ನಿಂತಿರಿ? ಘಟ್ಟ ಬಂತೇನು?"

"ಹಿಂದೆ ಉಳೀತು ಉಸ್ತಾದ್."

ಅವರು ಸುತ್ತ ನೋಡಿದರು. ಮುಖ ಒರೆಸಿಕೊಂಡರು. "ಚಾ ಕುಡ್ಯೂಣ ನಡೀರಿ," ಎಂದರು.

ಭಾನುವಾರ ಶಿರಸಿಗೆ ವಾಪಸು. ಸಾಹೇಬರು ಬೆಂಚಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು, "ಹೇಗೆ ಇಳಿಸಿದ್ರು?"

"ನನಗೇನು ಗೊತ್ತ್ರಿ ಸಾಹೇಬ್ರ," ಎಂದರು ಉಸ್ತಾದರು. "ನಾ ಮಲಗಿದ್ದೆ."

ಸಾಹೇಬರು ಕೀಲಿ ನನ್ನ ಕಡೆ ಸರಿಸಿದರು. "ನಾಳೆ ಬೆಳಿಗ್ಗೆ ಲೋಡಿಂಗ್ ಇದೆ. ಕಾಲೇಜಿಗೆ ಹೋಗೋದಾದ್ರೆ ಈಗಲೇ ಹೇಳಿ." ನಾನು ಕೀಲಿ ತೆಗೆದುಕೊಂಡೆ.

ಸುಮ್ಮನಿರುವ ಸ್ವಭಾವ ನನ್ನದಲ್ಲ. ಹೊರಗೆ ಬಂದು ಉಸ್ತಾದರನ್ನು ಕೇಳಿಯೇ ಬಿಟ್ಟೆ, "ಅದು ನನ್ನ ಕೈಗೆ ಬಂದ ನಿದ್ದೆಯೋ, ಊಟಕ್ಕೆ ಬಂದ ನಿದ್ದೆಯೋ?"

ಅವರು ಮೊಣಕಾಲು ತಿಕ್ಕಿಕೊಂಡರು. "ಮಾಸ್ತರ್ರ, ನಿಮ್ಮನ್ನ ಹಿಡದು ಏಳು ಮಂದೀನ್ನ ಕಟಗೊಂಡು ಅರಬೈಲ್ ಇಳದೀನಿ. ಏಳೂ ಸಲ ಮನ್ಯಾಗ ಉಂಡಽ ಇಳದೀನಿ, ಅದಽ ಸಾರು, ಅದಽ ನಮ್ಮಾಕಿ ಕೈ. ನಿದ್ದಿ ಬಂದದ್ದು ಇಬ್ಬರ ಕೈಯಾಗ."

ವಾದದಲ್ಲಿ ಹುಳುಕು ಹುಡುಕಿದೆ. ಸಿಗಲಿಲ್ಲ. ಏಳರಲ್ಲಿ ಇಬ್ಬರು, ಅದರಲ್ಲಿ ನಾನೊಬ್ಬ. ಇವತ್ತಿಗೂ ಅದನ್ನು ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ಲಾರಿಯ ಪಕ್ಕ ನಿಂತು ಕಾಲೇಜಿಗೆ ಫೋನು ಮಾಡಿದೆ. ಪ್ರಾಂಶುಪಾಲರು ಸಜ್ಜನರು. "ಬೇರೆ ಕೆಲಸ ಸಿಕ್ಕಿತಾ? ಎಲ್ಲಿ?" ಎಂದರು.

"ಲಾರಿಯಲ್ಲಿ ಸರ್."

"ಲಾರಿ ಆಫೀಸಿನಲ್ಲಾ?"

"ಅಲ್ಲ ಸರ್. ಲಾರಿಯಲ್ಲಿ."

"ಜೋಪಾನ," ಎಂದರು. ಮನೆಯಲ್ಲಿ ಅಕ್ಕ ಹೆಚ್ಚೇನೂ ಹೇಳಿರಲಿಲ್ಲ. ಬುತ್ತಿ ಕಟ್ಟಿ ಕೊಟ್ಟಿದ್ದಳು, ಕಾಲೇಜಿಗೆ ಕಟ್ಟುತ್ತಿದ್ದದ್ದಕ್ಕಿಂತ ಎರಡರಷ್ಟು.

ಚೀಲಗಳು ಹತ್ತಿದವು. ಹಿಂದೆ ನಿಂತು ಪಾಟಾ ನೋಡಿ, ಹಮಾಲರಿಗೆ ಸಾಕು ಎಂದೆ. ಹಗ್ಗ ಬಿಗಿದೆ, ಆರೂ ಟಯರು ಬಡಿದು ಕೇಳಿದೆ, ಒಬ್ಬನೇ ಹತ್ತಿ ಕೂತೆ. ಮಂಚಿಕೇರಿ, ಯಲ್ಲಾಪುರ, ಆಮೇಲೆ ಘಟ್ಟ. ಅವತ್ತು ಅರಬೈಲಿನಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಈ ಒಂದು ಸಂಗತಿಯಲ್ಲಿ ಮಾತ್ರ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ.